ತೆಗೆದುಹಾಕಲೆಂದೇ ಕಟ್ಟಿದ್ದು

ಹೈದರಾಬಾದಿನ ಬಾಲಾನಗರ ಕಾರ್ಖಾನೆಗಳಿಂದ ಬೆಳೆದ ಊರು. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಇಲ್ಲಿ ಐಡಿಪಿಎಲ್ ಔಷಧ ಕಾರ್ಖಾನೆ ಎದ್ದಿತು. ಅದೇ ದಶಕದಲ್ಲಿ ವಿಮಾನದ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಎಚ್‌ಎಎಲ್ ಘಟಕ ಬಂತು, 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಬಂತು. ಈ ದೊಡ್ಡವರ ಸುತ್ತ ಲೇತು, ವೆಲ್ಡಿಂಗು, ಫ್ಯಾಬ್ರಿಕೇಶನ್ನಿನ ಸಣ್ಣ ಶೆಡ್‌ಗಳು ಸಾಲುಸಾಲಾಗಿ ಹುಟ್ಟಿದವು. ಅಂಥದೊಂದು ಶೆಡ್ಡಿನ ಮೇಲಿನ ಕೋಣೆಯಲ್ಲಿ ಕೂತು ನಾನು ನಕ್ಷೆ ಬರೆಯುತ್ತೇನೆ. ಹೈದರಾಬಾದಿನ ಮೆಟ್ರೊ ಪೂರ್ತಿ ಕಂಬಗಳ ಮೇಲೆಯೇ ಓಡುತ್ತದೆ. 2017ರಿಂದ ಬಾಲಾನಗರಕ್ಕೂ ಅಂಥ ಒಂದು ನಿಲ್ದಾಣವಿದೆ. ಹಾಗಾಗಿ ನಮ್ಮ ಶೆಡ್ಡಿನ ಉಕ್ಕಿನ ತೊಲೆಗಳು ಲಾರಿಯೇರಿ ಬೇರೆ ಊರುಗಳ ಸುರಂಗ ಮೆಟ್ರೊ ಗುಂಡಿಗಳಿಗೆ ಹೋಗುತ್ತವೆ.

ನೆಲದೊಳಗಿನ ನಿಲ್ದಾಣಕ್ಕೆ ಇಪ್ಪತ್ತು ಮೀಟರ್ ಆಳ ಅಗೆಯಬೇಕು ಎನ್ನಿ. ಗುಂಡಿಯ ಅಂಚಿನಲ್ಲೇ ಅಂಗಡಿ, ಮನೆ, ಬಸ್ಸು, ಕುಡಿಯುವ ನೀರಿನ ಪೈಪು ಎಲ್ಲವೂ ಇರುತ್ತವೆ. ಅಗೆಯುವ ಮೊದಲೇ ಸುತ್ತಲೂ ಪೈಲ್‌ಗಳನ್ನು ಇಳಿಸುತ್ತಾರೆ. ಕೆಳಗಿಳಿದಂತೆಲ್ಲ ಪೈಲ್‌ಗಳಿಗೆ ಅಡ್ಡಲಾಗಿ ವೇಲರ್ ಎಂಬ ತೊಲೆ ಕೂರಿಸಿ, ಈ ಗೋಡೆಯಿಂದ ಎದುರು ಗೋಡೆಗೆ ಸ್ಟ್ರಟ್ ಎಂಬ ಅಡ್ಡ ಆಸರೆ ಕೊಡುತ್ತಾರೆ. ಎದುರು ಗೋಡೆ ದೂರವಿದ್ದರೆ ಹಿಂದಿನ ಬಂಡೆಗೇ ಆಂಕರ್ ಹೊಡೆದು ಬಿಗಿಯುತ್ತಾರೆ. ಕಾಂಕ್ರೀಟಿನ ನಿಲ್ದಾಣ ಕೆಳಗಿನಿಂದ ಮೇಲೆದ್ದು ಬಂದಂತೆ ಸ್ಟ್ರಟ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಆಮೇಲೆ ಉದ್ಘಾಟನೆಯಾಗುತ್ತದೆ, ನಿಲ್ದಾಣಕ್ಕೆ ಹೆಸರು ಬರುತ್ತದೆ. ವರ್ಷಗಟ್ಟಲೆ ಊರನ್ನು ಹಿಡಿದು ನಿಲ್ಲಿಸಿದ ಉಕ್ಕು ಮಾತ್ರ ಯಾವ ದಾಖಲೆಗೂ ಸೇರದೆ ಇನ್ನೊಂದು ಗುಂಡಿಗೆ ಹೋಗುತ್ತದೆ. ಈ ಕಸುಬಿಗೂ ಒಂದು ಚರಿತ್ರೆ ಇದೆ, ಅದನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ಹಂಬಲ.

ನನ್ನ ಪಾಲಿಗೆ ಆ ಚರಿತ್ರೆ ಶುರುವಾಗುವುದು ಕೋಲಾರದ ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿ ತಲುಪಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅದಿರು ತೆಗೆದ ಜಾಗ ಕುಸಿಯದಂತೆ ಮೊದಮೊದಲು ಮರದ ಆಸರೆ ಕೊಟ್ಟರು. ಆಳ ಹೆಚ್ಚಿ, ಬಂಡೆ ಸಿಡಿಯುವುದು ಹೆಚ್ಚಿದಾಗ ಮರವೊಂದೇ ಸಾಲದೆ ಗ್ರಾನೈಟ್ ಕಲ್ಲು ಪೇರಿಸಿದ ಗೋಡೆ, ಉಕ್ಕಿನ ತೊಲೆ, ಕಾಂಕ್ರೀಟು ಬಂದವು. ನನ್ನ ಅಪ್ಪ ಅಲ್ಲಿ ಮರ ಕೊಡುವ ತಂಡದಲ್ಲಿದ್ದರು. "ಮರ ಮುರಿಯೋಕೆ ಮುಂಚೆ ಕೂಗ್ತೈತೆ ಕಣಮ್ಮ, ಓಡೋಕೆ ಟೈಮು ಕೊಡ್ತೈತೆ. ಕಬ್ಬಿಣ ಕೂಗಲ್ಲ" ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ಕಲಿತ ಲೆಕ್ಕಗಳೆಲ್ಲ ಆ ಮಾತಿನ ಮುಂದುವರಿಕೆಯಾಗಿಯೇ ನನಗೆ ಕಂಡವು.

ಶಿವನಸಮುದ್ರದ ದೀಪ ಗಣಿಯಲ್ಲಿ ಹತ್ತಿದ ವರ್ಷವೇ ಬರ್ಲಿನ್ ನಗರದಲ್ಲಿ ಸುರಂಗ ರೈಲು ಓಡತೊಡಗಿತು. ಉಕ್ಕಿನ ಕಂಬಗಳನ್ನು ನೆಲಕ್ಕಿಳಿಸಿ, ಅಗೆಯುತ್ತ ಹೋದಂತೆ ನಡುವೆ ಹಲಗೆ ಸೇರಿಸುವ ವಿಧಾನಕ್ಕೆ ಆ ಊರಿನ ಹೆಸರೇ ನಿಂತಿದೆ. ಷಿಕಾಗೋದ ಸುರಂಗ ರೈಲಿನ ಕಾಮಗಾರಿಯಲ್ಲಿ, 1939ರಿಂದ, ಕಾರ್ಲ್ ಟೆರ್ಜಾಗಿಯವರ ಮಾರ್ಗದರ್ಶನದಲ್ಲಿ ರಾಲ್ಫ್ ಪೆಕ್ ಎಂಬ ತರುಣ ಎಂಜಿನಿಯರ್ ಸ್ಟ್ರಟ್‌ಗಳ ಮೇಲೆ ಬೀಳುವ ಹೊರೆಯನ್ನು ಅಳೆದರು. ಆಳ ಹೆಚ್ಚಿದಷ್ಟೂ ಮಣ್ಣಿನ ಒತ್ತಡ ಹೆಚ್ಚುತ್ತದೆ ಎನ್ನುತ್ತಿತ್ತು ಹಳೆಯ ಸಿದ್ಧಾಂತ. ಅದನ್ನು ನಂಬಿದರೆ ಮೇಲಿನ ಸ್ಟ್ರಟ್ ಸಣ್ಣದಿದ್ದರೂ ಸಾಕು. ಅಳತೆ ಬೇರೆಯೇ ಹೇಳಿತು: ಮೇಲಿನ ಸ್ಟ್ರಟ್‌ಗಳೂ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಹೊರುತ್ತಿದ್ದವು. ಮೊದಲು ಕೂರಿಸಿದ ಸ್ಟ್ರಟ್ ಗೋಡೆಯ ತಲೆಯನ್ನು ಒಳಕ್ಕೆ ಬಾಗಲು ಬಿಡದೆ ಹಿಡಿದಿರುತ್ತದೆ. ಆದ್ದರಿಂದಲೇ ಆ ಹೊರೆ. ಅಲ್ಲಿಂದ ಹೊರಟ ಪೆಕ್ ಅವರ ಒತ್ತಡದ ಚಿತ್ರಗಳನ್ನು ನಾನು ಇಂದಿಗೂ ಮೊದಲ ಲೆಕ್ಕಕ್ಕೆ ಬಳಸುತ್ತೇನೆ.

ನಮ್ಮ ಕನ್ನಡನಾಡಿನ ನೆಲಕ್ಕೆ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ನಮ್ಮ ಮೆಟ್ರೊ ಕಾಲದಲ್ಲಿ. ಬೆಂಗಳೂರಿನ ಮೊದಲ ಹಂತದ ಸುರಂಗ ಸುಮಾರು 8.8 ಕಿಲೋಮೀಟರ್, ನೇರಳೆ ಮಾರ್ಗದ್ದು 2016ರ ಏಪ್ರಿಲ್‌ನಲ್ಲಿ, ಹಸಿರು ಮಾರ್ಗದ್ದು 2017ರ ಜೂನ್‌ನಲ್ಲಿ ತೆರೆಯಿತು. ಎರಡೂ ಕೂಡುವ ಮೆಜೆಸ್ಟಿಕ್ ಪ್ರದೇಶ ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳ. ಬೆಂಗಳೂರಿನ ನೆಲ ಒಂದೇ ಸಮನಾಗಿಲ್ಲ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಅರ್ಧ ಕೊಳೆತ ನೈಸ್ ಕಲ್ಲು, ನಡುನಡುವೆ ಕೊಳೆಯದೆ ಉಳಿದ ಗುಂಡುಗಳು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಕಲ್ಲು ಮಣ್ಣಾದ ಮೇಲೂ ಅದರ ಹಳೆಯ ಬಿರುಕುಗಳು ಹಾಗೇ ಉಳಿದಿರುತ್ತವೆ. ಬಿರುಕಿನಲ್ಲಿ ಜೇಡಿ ತುಂಬಿ ನೀರು ಸೇರಿತೆಂದರೆ, ನೋಡಲು ಗಟ್ಟಿಯಾದ ಗೋಡೆ ಅದೇ ಜಾಡಿನಲ್ಲಿ ಜಾರಬಹುದು. ಆದ್ದರಿಂದ ಇಲ್ಲಿ ನಕ್ಷೆ ಒಮ್ಮೆ ಬರೆದು ಮುಗಿಸುವಂಥದ್ದಲ್ಲ. ಅಗೆತ ಒಂದೊಂದು ಹಂತ ಇಳಿದಾಗಲೂ ಭೂವಿಜ್ಞಾನಿ ಬಂದು ಹೊಸದಾಗಿ ತೆರೆದ ಮುಖವನ್ನು ಕಣ್ಣಾರೆ ನೋಡಬೇಕು, ಆಂಕರಿನ ಉದ್ದ, ಇಳಿಜಾರು ಬದಲಿಸಬೇಕಾದರೆ ಆಗಲೇ ಬದಲಿಸಬೇಕು.

2004ರ ಏಪ್ರಿಲ್ 20ರಂದು ಸಿಂಗಪುರದ ನಿಕೊಲ್ ಹೈವೇ ಪಕ್ಕದ ಮೆಟ್ರೊ ಗುಂಡಿ ಕುಸಿದು ನಾಲ್ವರು ಸತ್ತರು. ಗುಂಡಿಯ ಆಳ ಸುಮಾರು 30 ಮೀಟರ್. ಮೆತ್ತನೆಯ ಜೇಡಿಯ ಬಲವನ್ನು ಲೆಕ್ಕದಲ್ಲಿ ಹೆಚ್ಚಾಗಿ ಹಿಡಿದಿದ್ದರು. ಸ್ಟ್ರಟ್ ಬಂದು ವೇಲರಿಗೆ ತಾಗುವ ಕೀಲು ಇರಬೇಕಾದಷ್ಟು ಬಲವಾಗಿರಲಿಲ್ಲ. ಹಲವು ಕಡೆ ತೊಲೆ ಬಗ್ಗದಂತೆ ಬೆಸೆಯುವ ಸ್ಟಿಫ್‌ನರ್ ಫಲಕದ ಬದಲು ಸಿ-ಚಾನೆಲ್ ಇಟ್ಟಿದ್ದರು. ಅದು ಬಗ್ಗತೊಡಗಿದ ಮೇಲೆ ತಡೆದು ನಿಲ್ಲಲಿಲ್ಲ, ಹಠಾತ್ತನೆ ಸೋತಿತು. ಒಂದು ಸಾಲಿನ ಹೊರೆ ಇನ್ನೊಂದಕ್ಕೆ ಸರಿದು ಎಲ್ಲವೂ ಮುರಿದವು. ಗೋಡೆ ಮಿತಿಮೀರಿ ಸರಿಯುತ್ತಿದೆ ಎಂದು ಉಪಕರಣಗಳು ಮೊದಲೇ ತೋರಿಸಿದ್ದವು. ಅಪ್ಪ ಹೇಳಿದ್ದು ನಿಜ, ಕಬ್ಬಿಣ ಕೂಗುವುದಿಲ್ಲ. ಅದರ ಪರವಾಗಿ ಕೂಗಲೆಂದೇ ನಾವು ಸ್ಟ್ರಟ್ಟಿಗೆ ಹೊರೆ ಅಳೆಯುವ ಲೋಡ್ ಸೆಲ್, ಗೋಡೆಗೆ ವಾಲಿಕೆ ಅಳೆಯುವ ಇನ್‌ಕ್ಲಿನೊಮೀಟರ್ ಹಾಕುತ್ತೇವೆ. ಕೂಗು ಕೇಳಿದ ಮೇಲೆ ಕೆಲಸ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿ ಸ್ಪಷ್ಟವಾಗಿ ಇರಬೇಕು. ಬ್ರಿಟನ್ನಿನಲ್ಲಿ ತಾತ್ಕಾಲಿಕ ಆಧಾರಗಳ ಕುರಿತ 1975ರ ಬ್ರ್ಯಾಗ್ ವರದಿಯ ನಂತರ ತಾತ್ಕಾಲಿಕ ಕಾಮಗಾರಿಗೆಂದೇ ಒಬ್ಬ ಸಂಯೋಜಕರನ್ನು ನೇಮಿಸುವ ಪದ್ಧತಿ ಬೆಳೆಯಿತು. ನಮ್ಮಲ್ಲಿ ಅಗೆತದ ಸುರಕ್ಷತೆಗೆ ಐಎಸ್ 3764 ಸಂಹಿತೆ ಇದೆ. ಬ್ರಿಟನ್ನಿನ ಸಂಯೋಜಕರಂಥ ಹೊಣೆಗಾರರು ಪ್ರತಿ ಗುಂಡಿಯ ದಡದಲ್ಲೂ ಇರಲೇಬೇಕೆಂದು ನಾನು ಬಯಸುತ್ತೇನೆ.

ಬಾಲಾನಗರದ ಶೆಡ್ಡಿನಲ್ಲಿ ಸ್ಟಿಫ್‌ನರ್ ಬೆಸೆಯುವ ಹುಡುಗರಿಗೆ ಸಿಂಗಪುರದ ಆ ಕೀಲಿನ ಚಿತ್ರ ಬಿಡಿಸಿ ತೋರಿಸುತ್ತೇನೆ. ಈ ಫಲಕ ಯಾಕಿಲ್ಲಿ, ಇದಿಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿದ ಕೈಯ ಬೆಸುಗೆ ಬೇರೆಯೇ. ಗಣಿಯ ಬುದ್ಧಿಯೂ ಹೀಗೇ ಕೈಯಿಂದ ಕೈಗೆ ಬಂದದ್ದು. ಅದರಲ್ಲಿ ಒಂದಿಷ್ಟು ಉಳಿದಿರುವುದು 1988ರಲ್ಲಿ ಗಣಿಯೂರಾದ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದರಿಂದ. 2001ರಲ್ಲಿ ಗಣಿ ಮುಚ್ಚಿದಾಗ ಮರ ಕೊಡುತ್ತಿದ್ದವರು ಮನೆಗೆ ಹೋದರು, ಅವರಿಗೆ ಗೊತ್ತಿದ್ದದ್ದನ್ನು ಬರೆದಿಟ್ಟವರು ಕಡಿಮೆ.

ಮೆಟ್ರೊ ಗುಂಡಿಗಳ ವಿಷಯದಲ್ಲಿ ಹಾಗಾಗಬಾರದು. ಪ್ರತಿ ನಿಲ್ದಾಣದ ತಾತ್ಕಾಲಿಕ ನಕ್ಷೆ, ಅಗೆದಾಗ ಕಂಡ ನೆಲದ ಚಿತ್ರ, ಸ್ಟ್ರಟ್‌ಗಳು ದಿನದಿನಕ್ಕೆ ಹೊತ್ತ ಹೊರೆಯ ಲೆಕ್ಕ, ಇವಿಷ್ಟನ್ನೂ ನಿಗಮಗಳು ಕಾಪಿಟ್ಟು ಎಂಜಿನಿಯರಿಂಗ್ ಕಾಲೇಜುಗಳಿಗೆ ತೆರೆದಿಡಬೇಕು. ಅದೇ ಬೀದಿಯಲ್ಲಿ ನಾಳೆ ಇನ್ನೊಬ್ಬರು ಅಗೆಯಲು ಬಂದಾಗ, ಅವರ ಮೊದಲ ಲೆಕ್ಕಕ್ಕೆ ಷಿಕಾಗೋದ ಜೇಡಿಗಿಂತ ಹತ್ತಿರದ ಆಧಾರ ಸಿಗುತ್ತದೆ.