ಒತ್ತಿ ಒಣಗಿಸಿದ ಹೂವು

ಹೂವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಅದನ್ನು ಗಾಜಿನ ಭರಣಿಯ ಮೈಗೆ ಅಂಟಿಸಿ ಮನೆಯನ್ನು ಸಿಂಗರಿಸುವ ಕೈಕೆಲಸವು ಕನ್ನಡನಾಡಿನಲ್ಲಿ ಹುಟ್ಟಿದುದಲ್ಲ. ಹುಟ್ಟದಿದ್ದುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಇಲ್ಲಿ ಹೂವಿನ ನೆಲೆಯು ದೇವರ ಮುಡಿ, ಇಲ್ಲವೆ ಹೆಣ್ಣುಮಕ್ಕಳ ಹೆರಳು; ಎರಡಕ್ಕೂ ಬೇಕಾದುದು ಅಂದಂದಿನ ಹೂವು. ಹಿಂದಿನ ದಿನದ ಹೂವನ್ನು ಪರ್ಯುಷಿತವೆಂದು ಶಾಸ್ತ್ರಕಾರರು ಪೂಜೆಗೆ ವರ್ಜ್ಯಮಾಡಿ, ತುಲಸೀಬಿಲ್ವಾದಿ ಕೆಲವಕ್ಕೆ ಮಾತ್ರ ಆ ದೋಷವಿಲ್ಲವೆಂದರು. ಪೂಜೆಗೊಂಡ ಹೂವು ನಿರ್ಮಾಲ್ಯವಾಗಿ ಗಿಡದ ಬುಡವನ್ನೋ ಹೊಳೆಯನ್ನೋ ಸೇರುವುದು. ಬಾಡಿದುದನ್ನು ಕೂಡಿಟ್ಟು ನೋಡಿ ಸಂತೋಷಪಡುವ ಅಭಿರುಚಿಗೆ ಎಡೆಯೆಲ್ಲಿ?

ಆದರೂ ಅದರ ಛಾಯೆಯು ಮನೆಗಳಲ್ಲಿ ಇಲ್ಲದಿರಲಿಲ್ಲ. ಕೇದಗೆಯ ಗರಿಯನ್ನು ಪರಿಮಳಕ್ಕಾಗಿ ಪೆಟ್ಟಿಗೆಯ ಸೀರೆಗಳ ಮಡಿಕೆಯಲ್ಲಿಡುತ್ತಿದ್ದರು. ಅರಳಿಯ ಎಲೆಯನ್ನು ನೀರಿನಲ್ಲಿ ನೆನೆಯಿಟ್ಟು, ಹಸುರೆಲ್ಲ ಕೊಳೆತು ಕಳೆದಮೇಲೆ ಉಳಿದ ನರಗಳ ಜಾಲವನ್ನು ಪುಸ್ತಕದ ಹಾಳೆಗಳ ನಡುವೆ ಒಣಗಿಸಿ, ಅದರ ಮೇಲೆ ಚಿತ್ರ ಬರೆಯುವುದೂ ಉಂಟು. ಒತ್ತಿದ ಹೂವಿನ ಕಲೆಗೆ ಇದಕ್ಕಿಂತ ಹತ್ತಿರದ ನಂಟು ಇಲ್ಲಿ ಕಾಣದು.

ಆ ಕಲೆಯ ಮೂಲವು ಯೂರೋಪಿನ ವೈದ್ಯವಿದ್ಯೆಯಲ್ಲಿದೆ. ಇಟಲಿಯ ಲೂಕಾ ಘೀನಿ (1490–1556) ಎಂಬ ಪಂಡಿತನು ಔಷಧಿಯ ಗಿಡಗಳನ್ನು ಒತ್ತಿ ಕಾಗದಕ್ಕೆ ಅಂಟಿಸಿ ಶಿಷ್ಯರಿಗೆ ಪಾಠ ಹೇಳುವ ಕ್ರಮವನ್ನು ರೂಢಿಗೆ ತಂದನೆಂದು ಪ್ರಸಿದ್ಧಿ. ಆ ಹಾಳೆಗಳನ್ನು ಬಹುಕಾಲ ಗ್ರಂಥದಂತೆ ಹೊಲಿಯುತ್ತಿದ್ದರು. ಸ್ವೀಡನ್ ದೇಶದ ಲಿನ್ನೇಯಸನು (1707–1778) ಬಿಡಿಬಿಡಿಯಾಗಿಯೇ ಇರಿಸಿದನು. ಪಂಡಿತರ ಈ ವಿದ್ಯೆಯು ಕ್ರಮೇಣ ಗೃಹಿಣಿಯರ ವಿನೋದವಾಯಿತು. 1850ರ ದಶಕದಲ್ಲಿ ಫ್ರಾನ್ಸಿನಿಂದ ಹೊರಟ ‘ಪೊಟಿಶೋಮನಿ’ ಎಂಬ ಹುಚ್ಚಿನಲ್ಲಿ, ಗಾಜಿನ ಭರಣಿಯ ಒಳಮೈಗೆ ಕಾಗದದ ಚಿತ್ರಗಳನ್ನು ಅಂಟಿಸಿ, ಹಿಂದೆ ಬಣ್ಣ ಬಳಿದು, ಚೀನದ ಪಿಂಗಾಣಿಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತಿದ್ದರು. ಹೆಸರಿನಲ್ಲಿಯೇ ಭರಣಿಯೂ ಉನ್ಮಾದವೂ ಜೊತೆಗೂಡಿವೆ! ಕಾಗದದ ಹೂವಿಗಿಂತ ನಿಜವಾದ ಹೂವನ್ನು ಅಂಟಿಸುವುದು ಮೇಲೆಂದು ಹೇಳಲೇಬೇಕು.

ಕೆಲಸವು ಸುಲಭವೆಂದು ತೋರಿದರೂ ತಾಳ್ಮೆಯನ್ನು ಬೇಡುವುದು. ಇಬ್ಬನಿ ಆರಿದಮೇಲೆ ಬಿಡಿಸಿದ ಹೂವನ್ನು ಮಸಿಹೀರುವ ಕಾಗದಗಳ ನಡುವೆ ಹರವಿ, ಮೇಲೆ ಭಾರವಿಟ್ಟು, ಕಾಗದವನ್ನು ದಿನದಿನವೂ ಬದಲಾಯಿಸಬೇಕು. ಮಲ್ಲಿಗೆ ಸಂಪಿಗೆಗಳು ಇದಕ್ಕೆ ಒಗ್ಗುವುದಿಲ್ಲ, ಕಂದುಬಣ್ಣಕ್ಕೆ ತಿರುಗುವುವು. ದಪ್ಪನೆಯ ಹೂವು ಬೂಷ್ಟು ಹಿಡಿಯುವುದು. ಚನ್ನರಾಯಪಟ್ಟಣದ ಬಯಲಿನ ತಂಗಡಿಯಂತಹ ತೆಳ್ಳನೆಯ ಎಸಳೂ, ಸಕಲೇಶಪುರದ ಕಡೆಯ ಜರೀಗಿಡದ ಎಲೆಯೂ ಲೇಸು. ಗೋಂದಿನಿಂದ ಅಂಟಿಸಿ ಮೇಲೆ ವಾರ್ನೀಸು ಬಳಿದರೂ, ಬಿಸಿಲು ತಾಕುವ ಕಿಟಕಿಯಲ್ಲಿಟ್ಟರೆ ಬಣ್ಣವು ಹಾರಿಹೋಗುವುದು.

ಹಾಸನ ಜಿಲ್ಲೆಯ ಮಟ್ಟಿಗೆ ಈ ವಿದ್ಯೆಯ ಮಹತ್ಕಾರ್ಯವು ನಡೆದುದು ಭರಣಿಯ ಮೇಲಲ್ಲ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನರು ಸಂಗಡಿಗರೊಡನೆ ಈ ಜಿಲ್ಲೆಯ ಗಿಡಬಳ್ಳಿಗಳನ್ನು ಅರಸಿ ತಂದು, ಒತ್ತಿ ಒಣಗಿಸಿ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ನರೊಡಗೂಡಿ, 1976ರಲ್ಲಿ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ ಒಂಬೈನೂರಕ್ಕೂ ಮಿಕ್ಕ ಪುಟಗಳ ಗ್ರಂಥವನ್ನು ಪ್ರಕಟಿಸಿದರು. ಘಟ್ಟದ ಅಂಚಿನ ಮಳೆಕಾಡಿನಿಂದ ಮೂಡಲ ಬಯಲುಸೀಮೆಯವರೆಗೆ ಹಬ್ಬಿದ ಜಿಲ್ಲೆಯಾದುದರಿಂದ ಅವರ ಆಯ್ಕೆಯು ಯುಕ್ತವಾದುದೇ ಸರಿ. ಗ್ರಂಥವು ಇಂಗ್ಲಿಷಿನಲ್ಲಿರುವುದು; ಇಲ್ಲಿನ ಮನೆಮನೆಯ ಹೂವುಗಳ ಚರಿತ್ರೆಯು ಇಲ್ಲಿನ ಮನೆಗಳಿಗೆ ಇನ್ನೂ ಬಂದು ಮುಟ್ಟಿಲ್ಲವೆಂಬುದು ಕೊರತೆಯೇ.

ಸಸ್ಯಶಾಸ್ತ್ರಜ್ಞರ ಹಾಳೆಗೂ ಭರಣಿಯ ಹೂವಿಗೂ ಇರುವ ಅಂತರವು ಒಂದು ಚೀಟಿಯದು. ಯಾವ ಊರು, ಯಾವ ದಿನ, ಬಿಡಿಸಿದವರಾರು ಎಂಬುದು ಹಾಳೆಯ ಮೂಲೆಯಲ್ಲಿ ಬರೆದಿರುವುದು. ಬಣ್ಣ ಮಾಸಿದರೂ ಸಾಕ್ಷ್ಯವು ಮಾಸದು. ಭರಣಿಯ ಹೂವಿಗೋ ಬಣ್ಣವೇ ಸರ್ವಸ್ವ. ಆ ಗ್ರಂಥವು ಅಚ್ಚಾದ ಮೂರು ವರ್ಷಕ್ಕೆ, 1979ರಲ್ಲಿ, ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಮುಗಿದು, ನದಿಯ ಇಕ್ಕೆಲದ ಗದ್ದೆ, ತೋಟ, ಹಳ್ಳಿಗಳು ನೀರಿನಡಿಯಾದುವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮತ್ತೆ ತಲೆಯೆತ್ತುವುದನ್ನು ನೋಡಲು ಜನರು ಹೋಗುವರು. ಆ ದಡದ ಬೇಲಿಗಳಲ್ಲಿ ಅರಳುತ್ತಿದ್ದ ಹೂವುಗಳು ಹಾಗೆ ತಲೆಯೆತ್ತಲಾರವು. ಅಣೆಕಟ್ಟಿಗೆ ಮುಂಚಿನ ಹಾಸನ ಸೀಮೆಯ ಗಿಡಗಳು ಬೆಂಗಳೂರಿನಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ಒಣಹಾಳೆಗಳ ಮೇಲೆ, ಊರಿನ ಹೆಸರನ್ನು ಹೊತ್ತು ಮಲಗಿವೆ.