ಪೆಟ್ಟಿಗೆಯಲ್ಲಿ ಬಂದ ವಿಮಾನ

ಸುರಪುರ ಸೀಮೆಯ ಕಕ್ಕೇರಾದಂಥ ಊರುಗಳಲ್ಲಿ ಹಿಂದೆ ಯಾರೂ ಚಕ್ಕಡಿಯನ್ನು ಅಂಗಡಿಯಿಂದ ಕೊಂಡು ತರುತ್ತಿರಲಿಲ್ಲ. ಕಟ್ಟಿಗೆ ರೈತನದು, ಕೆಲಸ ಬಡಿಗೇರನದು, ಗಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿ ಕಂಬಾರನದು. ರೈತ ಪಕ್ಕದಲ್ಲೇ ಕುಳಿತು ನೋಡುತ್ತಿದ್ದ. ನಡುನಡುವೆ ಕೈಯನ್ನೂ ಹಾಕುತ್ತಿದ್ದ. ಯಾವ ಗೂಟ ಎಲ್ಲಿ ಕೂತಿದೆ ಎಂಬುದು ಗೊತ್ತಿದ್ದುದರಿಂದ ಹೊಲದ ದಾರಿಯಲ್ಲಿ ಚಕ್ಕಡಿ ಮುರಿದರೆ ಅವನು ಕಂಗೆಡುತ್ತಿರಲಿಲ್ಲ. ಇಂದು ಆ ಜಾಗಕ್ಕೆ ಟ್ರ್ಯಾಕ್ಟರಿನ ಟ್ರಾಲಿ ಬಂದಿದೆ, ಬಡಿಗೇರನ ಜಾಗಕ್ಕೆ ವೆಲ್ಡಿಂಗ್ ಅಂಗಡಿ ಬಂದಿದೆ. ಆದರೆ ಎದುರಿಗೆ ನಿಂತು ಮಾಡಿಸಿಕೊಳ್ಳುವ ರೂಢಿ ಹೋಗಿಲ್ಲ.

ವಿಮಾನವನ್ನೂ ಹೀಗೆಯೇ ಮನೆಯಲ್ಲಿ ಕಟ್ಟಬಹುದು ಎಂದರೆ ಓದುಗರಿಗೆ ನಗು ಬಂದೀತು. ಆದರೆ ವಿಮಾನ ಹುಟ್ಟಿದ್ದೇ ಹಾಗೆ. ಅಮೆರಿಕದ ರೈಟ್ ಸಹೋದರರದು ಸೈಕಲ್ ಅಂಗಡಿ. 1903ರಲ್ಲಿ ಅವರು ಹಾರಿಸಿದ ವಿಮಾನದ ಎಂಜಿನನ್ನು ಅದೇ ಅಂಗಡಿಯ ಕೆಲಸಗಾರ ಚಾರ್ಲಿ ಟೇಲರ್ ಮಾಡಿಕೊಟ್ಟಿದ್ದ. ನಮ್ಮ ನೆರೆಯ ಮದರಾಸಿನಲ್ಲಿ 1910ರಲ್ಲಿ ಜಿಯಾಕೊಮೊ ಡಿ'ಏಂಜೆಲಿಸ್ ಎಂಬ ಹೋಟೆಲು ಮಾಲೀಕ ತನ್ನದೇ ವಿಮಾನ ಕಟ್ಟಿಸಿ ಪಲ್ಲಾವರಂನಲ್ಲಿ ಹಾರಿಸಿದ. ಕಟ್ಟಿಕೊಟ್ಟವರು ಸಿಂಪ್ಸನ್ ಕಂಪನಿಯವರು. ಅವರು ಅಲ್ಲಿಯವರೆಗೆ ಹೆಸರು ಮಾಡಿದ್ದು ಕುದುರೆ ಗಾಡಿ, ಸಾರೋಟುಗಳಿಗೆ! ಗಾಡಿಯ ಬಡಿಗೇರನಿಗೂ ವಿಮಾನಕ್ಕೂ ಅಂದು ಅಂಥ ದೂರವಿರಲಿಲ್ಲ.

ಅದೇ ವರ್ಷ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಮಿಯಾ ಮಿಯಾ ಎಂಬಲ್ಲಿ ಜಾನ್ ಡೈಗನ್ ಎಂಬ ಯುವಕ ತಮ್ಮನ ನೆರವಿನಿಂದ ಕುಟುಂಬದ ಹೊಲಮನೆಯಲ್ಲೇ ವಿಮಾನ ಕಟ್ಟಿ ಹಾರಿದ. ಮುಂದೆ ಆತ ಇಂಗ್ಲೆಂಡಿಗೆ ಹೋಗಿ ಎ.ವಿ. ರೋ ಅವರ ಆವ್ರೊ ಕಾರ್ಖಾನೆಯಲ್ಲಿ ಇನ್ನೊಂದು ವಿಮಾನ ಮಾಡಿಸಿಕೊಂಡ. 1911-12ರ ಆ ದಿನಗಳಲ್ಲಿ ಅದೇ ಕಾರ್ಖಾನೆಯಲ್ಲಿ ಮೈಸೂರು ಸಂಸ್ಥಾನದ ಎಂಜಿನಿಯರ್ ಎಸ್.ವಿ. ಶೆಟ್ಟಿ ಕೆಲಸ ಮಾಡುತ್ತಿದ್ದರು. ಡೈಗನ್‌ನ ವಿಮಾನದಲ್ಲಿ ಅವರ ಕೈಯೂ ಇತ್ತೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಶೆಟ್ಟಿಯವರು ತಾಯ್ನಾಡಿಗೆ ಮರಳಿದರು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತೀರಿಕೊಂಡರು. ಇನ್ನಿಪ್ಪತ್ತೆರಡು ವರ್ಷ ಬದುಕಿದ್ದರೆ ತಮ್ಮ ಸಂಸ್ಥಾನದಲ್ಲೇ ವಿಮಾನದ ಕಾರ್ಖಾನೆ ಏಳುವುದನ್ನು ಅವರು ನೋಡುತ್ತಿದ್ದರು.

ಆ ಕಾರ್ಖಾನೆಯ ಕಥೆ ಶುರುವಾಗುವುದು ಪೆಟ್ಟಿಗೆಗಳಿಂದ. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಅಮೆರಿಕದ ವಿಲಿಯಂ ಪಾಲಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಈ ಮೂವರು ಕೂಡಿದ್ದರಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ವಿಮಾನವನ್ನು ಮೊದಲಿನಿಂದ ವಿನ್ಯಾಸ ಮಾಡುವ ಪರಿಣತರೂ ಇರಲಿಲ್ಲ, ಸಮಯವೂ ಇರಲಿಲ್ಲ, ಯುದ್ಧ ನಡೆದಿತ್ತು. ಆದ್ದರಿಂದ ಅಮೆರಿಕದಿಂದ ಹಾರ್ಲೊ ಪಿ.ಸಿ.-5 ಎಂಬ ತರಬೇತಿ ವಿಮಾನದ ಭಾಗಗಳನ್ನು ತರಿಸಿ ಇಲ್ಲಿ ಜೋಡಿಸಲಾಯಿತು. 1941ರ ಆಗಸ್ಟಿನಲ್ಲಿ ಅದು ಹಾರಿತು.

ಹಾರ್ಲೊ ವಿಮಾನದ ಮೂಲವೂ ಸ್ವಾರಸ್ಯದ್ದು. ಕ್ಯಾಲಿಫೋರ್ನಿಯದ ಪ್ಯಾಸಡೀನ ಜೂನಿಯರ್ ಕಾಲೇಜಿನ ಅಧ್ಯಾಪಕ ಮ್ಯಾಕ್ಸ್ ಹಾರ್ಲೊ ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಲೆಂದು ಅವರ ಕೈಯಿಂದಲೇ ಒಂದು ವಿಮಾನ ಕಟ್ಟಿಸಿದ್ದರು. ಕಾಲೇಜಿನ ಹೆಸರಿನ ಮೊದಲಕ್ಷರಗಳನ್ನೇ ಅದಕ್ಕೆ ಇಟ್ಟು ಪಿ.ಜೆ.ಸಿ. ಎಂದರು. 1937ರಲ್ಲಿ ಹಾರಿದ ಆ ವಿಮಾನದ ಸಂತತಿಯೇ ಬೆಂಗಳೂರಿಗೆ ಬಂದದ್ದು. ಹೀಗೆ ಕರ್ನಾಟಕದಲ್ಲಿ ಜೋಡಿಸಿದ ಮೊದಲ ವಿಮಾನದ ಅಜ್ಜ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರು ಮಾಡಿದ್ದು. ಅದನ್ನು ಜೋಡಿಸಿದ ಹತ್ತು ವರ್ಷಕ್ಕೆ, 1951ರ ಆಗಸ್ಟಿನಲ್ಲಿ, ಡಾ. ವಿ.ಎಂ. ಘಾಟಗೆ ಅವರ ತಂಡ ತಾನೇ ವಿನ್ಯಾಸ ಮಾಡಿದ ಎಚ್.ಟಿ.-2 ತರಬೇತಿ ವಿಮಾನವನ್ನು ಇಲ್ಲಿಂದ ಮೇಲಕ್ಕೆ ಎಬ್ಬಿಸಿತು.

ಕಿಟ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ವಿಮಾನ ಕಟ್ಟುವವರಿಗೆ ಎರಡು ದಾರಿ. ನಕ್ಷೆಗಳನ್ನು ಮಾತ್ರ ಕೊಂಡು ಎಲ್ಲವನ್ನೂ ತಾವೇ ಕತ್ತರಿಸಿ ಮಾಡಿಕೊಳ್ಳುವುದು ಒಂದು. ಕತ್ತರಿಸಿ, ತೂತು ಕೊರೆದು ಸಿದ್ಧಮಾಡಿದ ಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಜೋಡಿಸುವುದು ಇನ್ನೊಂದು. ಅಮೆರಿಕದಲ್ಲಿ ಈ ಎರಡನೆಯದಕ್ಕೆ ಒಂದು ಕಟ್ಟಳೆ ಇದೆ: ಹವ್ಯಾಸಿ ತಯಾರಿಕೆ ಎನಿಸಬೇಕಾದರೆ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ ಮಾಡಿರಬೇಕು, ಅದೂ ಕಲಿಕೆಗಾಗಿ ಅಥವಾ ವಿನೋದಕ್ಕಾಗಿ. ಒಳಗೆ ಕೂರುವವರ ಕಣ್ಣಿಗೆ ಬೀಳುವಂತೆ ‘ಪ್ರಾಯೋಗಿಕ’ ಎಂಬ ಪದ ಬರೆದಿರಬೇಕು. ಹೊಸ ವಿಮಾನ ಮೊದಲ 25 ಅಥವಾ 40 ಗಂಟೆ ಪ್ರಯಾಣಿಕರಿಲ್ಲದೆ ಗೊತ್ತುಪಡಿಸಿದ ಪ್ರದೇಶದಲ್ಲೇ ಹಾರಿ ತನ್ನ ಯೋಗ್ಯತೆ ತೋರಿಸಬೇಕೆಂಬುದು ಅಲ್ಲಿನ ರೂಢಿ.

ಕಟ್ಟುವ ಕೆಲಸದಲ್ಲಿ ಮಾಂತ್ರಿಕತೆ ಏನೂ ಇಲ್ಲ, ಬೇಕಾದದ್ದು ತಾಳ್ಮೆ. ಅಲ್ಯೂಮಿನಿಯಂ ತಗಡಿನ ವಿಮಾನವಾದರೆ ಸಾವಿರಾರು ರಿವೆಟ್‌ಗಳು. ಒಬ್ಬ ಹೊರಗಿನಿಂದ ಬಡಿಯಬೇಕು, ಇನ್ನೊಬ್ಬ ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಗಂಡ ಹೆಂಡತಿ ಈ ಕೆಲಸಕ್ಕೆ ನಿಂತು ಸಂಸಾರವೇ ಗ್ಯಾರೇಜಿಗೆ ವರ್ಗವಾದ ಕಥೆಗಳು ಬಹಳ. ರೆಕ್ಕೆ, ಬಾಲ, ಒಡಲು ಮುಗಿದ ಮೇಲೆ ಸಲಕರಣೆಗಳ ಸರದಿ: ವೇಗ ತೋರಿಸುವ ಮಾಪಕ, ಗಾಳಿಯ ಒತ್ತಡದಿಂದ ಎತ್ತರ ಹೇಳುವ ಮಾಪಕ, ದಿಕ್ಸೂಚಿ, ಎಂಜಿನ್ ಸುತ್ತುಗಳ ಲೆಕ್ಕ, ಎಣ್ಣೆಯ ಒತ್ತಡ ಮತ್ತು ಬಿಸಿ, ಇಂಧನದ ಮಟ್ಟ, ರೇಡಿಯೊ. ಪ್ರತಿಯೊಂದಕ್ಕೂ ತೂಕವಿದೆ. ಕೊನೆಗೆ ಮೂರು ಗಾಲಿಗಳ ಕೆಳಗೆ ಮೂರು ತಕ್ಕಡಿ ಇಟ್ಟು ತೂಗಿ, ಇಡೀ ವಿಮಾನದ ಭಾರ ಯಾವ ಬಿಂದುವಿನಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕುತ್ತಾರೆ. ಆ ಬಿಂದು ಮಿತಿಗಿಂತ ಹಿಂದಕ್ಕೆ ಸರಿದರೆ ವಿಮಾನ ಕೈಗೆ ಸಿಗುವುದಿಲ್ಲ. ಚಕ್ಕಡಿಯಲ್ಲಿ ಹೇರು ಹಿಂದಾದರೆ ನೊಗ ಎತ್ತಿನ ಕತ್ತಿನಿಂದ ಮೇಲೇಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಹವ್ಯಾಸಕ್ಕೆ ಹೊಸ ದಿಕ್ಕು ತೋರಿಸಿದವರು ಅಮೆರಿಕದ ಬರ್ಟ್ ರುಟಾನ್. ಅವರ ಲಾಂಗ್-ಈಝೀ 1979ರಲ್ಲಿ ಹಾರಿತು. ನೋಡಲು ವಿಮಾನ ತಿರುಗುಮುರುಗಾದಂತೆ: ಬಾಲದ ರೆಕ್ಕೆ ಮುಂದೆ, ಎಂಜಿನ್ ಮತ್ತು ಪಂಖ ಹಿಂದೆ. ಕಟ್ಟುವ ಬಗೆಯೂ ಹೊಸದು. ಹಗುರವಾದ ಫೋಮ್ ದಿಮ್ಮಿಯನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ ಹೊದಿಸಿದರೆ ಒಣಗಿದ ಮೇಲೆ ಗಟ್ಟಿ ರೆಕ್ಕೆ. ದುಬಾರಿ ಅಚ್ಚು ಬೇಡ, ದೊಡ್ಡ ಯಂತ್ರ ಬೇಡ. ಹವ್ಯಾಸಿಗಳು ನಕ್ಷೆಗಳಿಗಾಗಿ ಮುಗಿಬಿದ್ದರು.

ಈ ಹವ್ಯಾಸಿ ವಿಮಾನವನ್ನು ಬೆಂಗಳೂರಿನ ನ್ಯಾಷನಲ್ ಏರೊನಾಟಿಕಲ್ ಲ್ಯಾಬೊರೇಟರಿ (ಎನ್.ಎ.ಎಲ್.) ಗಂಭೀರವಾಗಿ ತೆಗೆದುಕೊಂಡಿತು. ಪ್ರೊ. ರೊದ್ದಂ ನರಸಿಂಹ ಅದರ ನಿರ್ದೇಶಕರಾಗಿದ್ದ ಕಾಲವದು. ಲಾಂಗ್-ಈಝೀಯನ್ನು ಆಧರಿಸಿ ಸಂಸ್ಥೆಯವರು ಕಟ್ಟಿದ ಎಲ್.ಸಿ.ಆರ್.ಎ. ಎಂಬ ಪುಟ್ಟ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಸರ್ಕಾರಿ ಪ್ರಯೋಗಾಲಯ ಹವ್ಯಾಸಿಗಳ ನಕ್ಷೆ ಹಿಡಿದು ಕೂತದ್ದು ಕೆಲವರಿಗೆ ಸಣ್ಣತನವಾಗಿ ಕಾಣಬಹುದು. ನನಗೆ ಅದು ಜಾಣತನವಾಗಿ ಕಾಣುತ್ತದೆ. ಗಾಜಿನ ನಾರಿನ ಬಟ್ಟೆಯಲ್ಲಿ ಗುಳ್ಳೆ ಏಳದಂತೆ ಪದರ ಹಾಸುವುದನ್ನು ಪುಸ್ತಕ ಓದಿ ಕಲಿಯಲಾಗದು. 1993ರಲ್ಲಿ ಇದೇ ಸಂಸ್ಥೆಯ ಹಂಸ ವಿಮಾನ ಹಾರಿತು. ಅದರ ಒಡಲೂ ಇಂಥ ನಾರಿನದೇ. 2000ದಲ್ಲಿ ಹಂಸ-3ಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ಸಿಕ್ಕಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋಯಿತು.

ಇದೇ ಲಾಂಗ್-ಈಝೀ ಸಲಕರಣೆ ಜೋಡಣೆಯ ಇನ್ನೊಂದು ಮುಖವನ್ನೂ ತೋರಿಸಿತು. 1997ರ ಅಕ್ಟೋಬರ್ 12ರಂದು ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ತಾವು ಕೊಂಡಿದ್ದ ಲಾಂಗ್-ಈಝೀಯಲ್ಲಿ ಹಾರುತ್ತಿದ್ದಾಗ ಅದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಗೆ ಬಿದ್ದು ಅವರು ಸತ್ತರು. ಈ ವಿಮಾನಕ್ಕೆ ಎಡ ಬಲದಲ್ಲಿ ಎರಡು ಇಂಧನ ತೊಟ್ಟಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಕೀಲಿಯನ್ನು ರುಟಾನ್ ತಮ್ಮ ನಕ್ಷೆಯಲ್ಲಿ ಪೈಲಟಿನ ಕಾಲುಗಳ ನಡುವೆ ಇಟ್ಟಿದ್ದರು. ಆ ವಿಮಾನವನ್ನು ಕಟ್ಟಿದಾತ ಅದನ್ನು ಪೈಲಟಿನ ಎಡ ಭುಜದ ಹಿಂದಿನ ಗೋಡೆಗೆ ಸರಿಸಿದ್ದ. ಅದನ್ನು ತಿರುಗಿಸಬೇಕಾದರೆ ಹಿಡಿಕೆ ಬಿಟ್ಟು ಮೈ ತಿರುಚಬೇಕು. ಹಾಗೆ ತಿರುಚುವಾಗ ಬಲಗಾಲು ತಾನಾಗಿಯೇ ಪೆಡಲನ್ನು ಒತ್ತುತ್ತದೆ, ವಿಮಾನ ಬಲಕ್ಕೆ ಹೊರಳುತ್ತದೆ. ತನಿಖೆ ನಡೆಸಿದ ಸಾರಿಗೆ ಸುರಕ್ಷತಾ ಮಂಡಳಿ ಈ ಕೀಲಿಯತ್ತಲೇ ಬೆರಳು ಮಾಡಿತು. ಹೊರಡುವ ಮುನ್ನ ತೊಟ್ಟಿಗಳಿಗೆ ಸಾಕಷ್ಟು ಇಂಧನ ತುಂಬಿಸಿಕೊಳ್ಳದಿದ್ದುದು, ಈ ವಿಮಾನದ ಸಾಕಷ್ಟು ಅಭ್ಯಾಸವಿಲ್ಲದಿದ್ದುದು ಕೂಡ ವರದಿಯಲ್ಲಿ ಬಂದವು.

ಕಟ್ಟಿದವನಿಗೆ ಕೀಲಿ ಎಲ್ಲಿದೆ, ಏಕೆ ಅಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಕೊಂಡವನಿಗೆ ಗೊತ್ತಿಲ್ಲ. ಮಾಡಿಸಿಕೊಂಡ ಚಕ್ಕಡಿಗೂ ಸಂತೆಯಲ್ಲಿ ಕೊಂಡ ಹಳೆಯ ಚಕ್ಕಡಿಗೂ ಇರುವ ವ್ಯತ್ಯಾಸ ಇದೇ ತಾನೆ? ಆಕಾಶದಲ್ಲಿ ಅದಕ್ಕೆ ತೆರುವ ಬೆಲೆ ಬೇರೆ.

ಬೆಂಗಳೂರು ಕಿಟ್‌ಗಳನ್ನು ತರಿಸಿಕೊಂಡದ್ದಷ್ಟೇ ಅಲ್ಲ, ಕಳಿಸಿಯೂ ಕೊಟ್ಟಿದೆ. ಇದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿ. ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆಸಿದ ಜೋಎಲ್ ಕೋಶ್ಲಿನ್ ಅವರ ರಾಜ್ ಹಂಸ ಸಂಸ್ಥೆ ಮೊದಲು ಹ್ಯಾಂಗ್ ಗ್ಲೈಡರ್‌ಗಳನ್ನು ಮಾಡುತ್ತಿತ್ತು. 1990ರ ದಶಕದಲ್ಲಿ ಅದು ಎಕ್ಸ್-ಏರ್ ಎಂಬ ಇಬ್ಬರು ಕೂರುವ ಹಗುರ ವಿಮಾನದ ತಯಾರಿಕೆಗೆ ಇಳಿಯಿತು. ಬೋಲ್ಟುಗಳಿಂದ ಬಿಗಿದ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದಕ್ಕೆ ಮೊದಲೇ ಹೊಲಿದ ಡಾಕ್ರಾನ್ ಬಟ್ಟೆಯ ಹೊದಿಕೆ, ಮುಂದೊಂದು ಸಣ್ಣ ಎಂಜಿನ್. ಬೆಂಗಳೂರಿನ ಕೆಲಸಗಾರರು ಕತ್ತರಿಸಿ ಹೊಲಿದ ಈ ಭಾಗಗಳು ಪೆಟ್ಟಿಗೆಗಳಲ್ಲಿ ಫ್ರಾನ್ಸ್, ಬ್ರಿಟನ್ ಮೊದಲಾದ ದೇಶಗಳಿಗೆ ಹೋದವು. ಅಲ್ಲಿನ ಹವ್ಯಾಸಿಗಳು ತಮ್ಮ ಕೊಟ್ಟಿಗೆ, ಗ್ಯಾರೇಜುಗಳಲ್ಲಿ ಅವನ್ನು ಬಿಚ್ಚಿ ಜೋಡಿಸಿ ಹಾರಿದರು. 1941ರಲ್ಲಿ ಕ್ಯಾಲಿಫೋರ್ನಿಯದಿಂದ ಬೆಂಗಳೂರಿಗೆ ಬಂದಿದ್ದ ಪೆಟ್ಟಿಗೆ ಐವತ್ತು ಚಿಲ್ಲರೆ ವರ್ಷಗಳ ನಂತರ ಬೆಂಗಳೂರಿನಿಂದ ಹೊರಟಿತ್ತು.

ಹಾಗಾದರೆ ನಮ್ಮವನೊಬ್ಬ ನಮ್ಮಲ್ಲೇ ಕಟ್ಟಿದರೆ? ಬ್ರಿಟನ್ನಿನಲ್ಲಿ ನೆಲೆಸಿದ ಕೇರಳ ಮೂಲದ ಎಂಜಿನಿಯರೊಬ್ಬರು ಕೊರೊನಾ ಲಾಕ್‌ಡೌನಿನ ಕಾಲದಲ್ಲಿ ದಕ್ಷಿಣ ಆಫ್ರಿಕದಿಂದ ಕಿಟ್ ತರಿಸಿ ನಾಲ್ಕು ಆಸನದ ವಿಮಾನ ಕಟ್ಟಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯುರೋಪು ಸುತ್ತಿದ್ದು 2022ರಲ್ಲಿ ಸುದ್ದಿಯಾಗಿತ್ತು. ಭಾರತದ ನೆಲದಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದವರು ಮುಂಬಯಿಯ ಪೈಲಟ್ ಅಮೋಲ್ ಯಾದವ್. ಕಾಂದಿವಲಿಯ ತಮ್ಮ ಮನೆಯ ತಾರಸಿಯ ಮೇಲೆಯೇ ಆರು ಆಸನದ ವಿಮಾನ ಕಟ್ಟಿದರು. 2016ರ ಫೆಬ್ರವರಿಯಲ್ಲಿ ಮುಂಬಯಿಯ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಜನ ಅದನ್ನು ನೋಡಲು ಮುಗಿಬಿದ್ದರು. ಆದರೆ ವಿಮಾನ ಕಟ್ಟುವುದಕ್ಕಿಂತ ಕಾಗದ ಪತ್ರ ಕಟ್ಟುವುದು ಕಷ್ಟವಾಯಿತು. ಕಚೇರಿಯಿಂದ ಕಚೇರಿಗೆ ಅಲೆದು 2017ರ ನವೆಂಬರಿನಲ್ಲಿ ನೋಂದಣಿ ಸಿಕ್ಕಿತು. ಹಾರಲು ಅನುಮತಿ ಬಂದದ್ದು 2019ರ ಅಕ್ಟೋಬರಿನಲ್ಲಿ.

ಅಧಿಕಾರಿಗಳ ಎಚ್ಚರಿಕೆ ಅಕಾರಣವಲ್ಲ. ಡೆನ್ವರ್ ಅವರ ವಿಮಾನದ ಕೀಲಿಯ ಕಥೆಯೇ ಅದಕ್ಕೆ ಸಾಕ್ಷಿ. ಆದರೆ ಯಾವ ಹಂತದಲ್ಲಿ ಯಾರು ಪರೀಕ್ಷಿಸಬೇಕು, ಎಷ್ಟು ಗಂಟೆ ಹಾರಿಸಿ ತೋರಿಸಬೇಕು ಎಂದು ಮೊದಲೇ ಹೇಳುವುದು ಒಂದು ಎಚ್ಚರಿಕೆ, ಕಾಯಿಸುವುದು ಇನ್ನೊಂದು. ಮೊದಲನೆಯದರಿಂದ ಜೀವ ಉಳಿಯುತ್ತದೆ. ಎರಡನೆಯದರಿಂದ ಕಟ್ಟುವವರ ಹುರುಪು ಆರುತ್ತದೆ, ಅಷ್ಟೆ. ತನಗೆ ಬೇಕಾದ ಒಜ್ಜೆಗೆ ತಕ್ಕ ಟ್ರಾಲಿಯನ್ನು ಕಣ್ಣಳತೆಯಲ್ಲೇ ಮಾಡುವ ಕಕ್ಕೇರಾದ ಕೈಗಳಿಗೆ ಅಳತೆಯ ಶಿಸ್ತನ್ನು ಕಲಿಸುವುದಕ್ಕೆ ಇಂಥ ಕೆಲಸಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಕಲಬುರಗಿಯಲ್ಲಿ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆದ ಮೇಲೆ ರನ್‌ವೇ ಕೂಡ ಈ ಭಾಗಕ್ಕೆ ದೂರವಾಗಿ ಉಳಿದಿಲ್ಲ.

ಬ್ರಿಟಿಷರ ಕಾಲದ 1934ರ ವಿಮಾನ ಕಾಯಿದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹಳೆಯ ಕಾಯಿದೆ ತಯಾರಿಕೆ, ಬಳಕೆ, ಮಾರಾಟ, ಆಮದು, ರಫ್ತುಗಳ ಮಾತಾಡುತ್ತಿತ್ತು. ಹೊಸದರಲ್ಲಿ ವಿಮಾನದ ವಿನ್ಯಾಸವೂ ಸೇರಿದೆ.