ವಾಟರ್‌ಲೂ ಮಾದರಿಯಿಂದ ಮಾಯವಾದ ಸೈನಿಕರು

ಅಂಗೈಯಗಲದ ಟ್ಯಾಂಕಿಗೆ ಕೆಸರಿನ ಬಣ್ಣ ಹಚ್ಚುತ್ತಾ ರಾತ್ರಿ ಕಳೆಯೋ ನನ್ನಂಥವರಿಗೆಲ್ಲ ಒಬ್ಬ ಹಿರಿಯಣ್ಣ ಇದ್ದಾನೆ: ಲೆಫ್ಟಿನೆಂಟ್ ವಿಲಿಯಂ ಸೈಬೋರ್ನ್. ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧದ ಮಾದರಿ ಮಾಡುವ ಕೆಲಸವನ್ನು 1830ರಲ್ಲಿ ಬ್ರಿಟಿಷ್ ಸೇನೆ ಅವನಿಗೆ ಒಪ್ಪಿಸಿತು.

ಅವನು ಆ ಯುದ್ಧದಲ್ಲಿ ಇರಲೇ ಇಲ್ಲ. ಹಾಗಾಗಿ ಬೆಲ್ಜಿಯಂಗೆ ಹೋಗಿ, ರಣರಂಗದ ನಡುವಿನ ತೋಟದಮನೆಯಲ್ಲೇ ಎಂಟು ತಿಂಗಳು ಉಳಿದು ನೆಲದ ಏರುತಗ್ಗು ಅಳೆದ. ಆಮೇಲೆ ಬದುಕಿದ್ದ ಅಧಿಕಾರಿಗಳಿಗೆ ಕಾಗದ ಬರೆದ: 1815ರ ಜೂನ್ 18ರ ಸಂಜೆ 7ಕ್ಕೆ ನಿಮ್ಮ ತುಕಡಿ ಎಲ್ಲಿತ್ತು? ಎದುರಿಗೆ ಯಾರಿದ್ದರು? ಹೊಲದಲ್ಲಿ ಯಾವ ಬೆಳೆ ಇತ್ತು? ಬೆಳೆ ಕೇಳ್ತಾನೆ ನೋಡಿ! ಮಾಡೆಲ್ ಮಾಡೋರಿಗೆ ಮಾತ್ರ ಹೊಳೆಯೋ ಪ್ರಶ್ನೆ ಅದು.

ತೊಂದರೆ ಶುರುವಾಗಿದ್ದು ಪ್ರಷ್ಯನ್ನರಿಂದ. ಆ ಹೊತ್ತಿಗೆ ಅವರ ಸೈನ್ಯ ಪಕ್ಕದಿಂದ ಬಂದು ನೆಪೋಲಿಯನ್ ಮೇಲೆ ಬಿದ್ದಿತ್ತು. ಸೈಬೋರ್ನ್ ಅವರನ್ನೂ ನಿಲ್ಲಿಸಿದ. ವೆಲಿಂಗ್ಟನ್‌ಗೆ ಇದು ಹಿಡಿಸಲಿಲ್ಲ. ಗೆಲುವಲ್ಲಿ ಪಾಲು ಹೋಗುತ್ತಲ್ಲ! (1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿನೇ ಈ ವೆಲಿಂಗ್ಟನ್.)

1833ರಲ್ಲಿ ಸರ್ಕಾರ ದುಡ್ಡು ನಿಲ್ಲಿಸಿತು. ಸಾಲ ಮಾಡಿ ಮುಗಿಸಿದ. 1838ರಲ್ಲಿ ಲಂಡನ್ನಿನಲ್ಲಿ ಸುಮಾರು ಒಂದು ಲಕ್ಷ ಜನ ತಲಾ ಒಂದು ಶಿಲ್ಲಿಂಗ್ ಕೊಟ್ಟು ನೋಡಿದರು. ನಂದು ಬಿ.ಕಾಂ. ತಲೆ, ಲೆಕ್ಕ ಹಾಕಿದೆ: 5,000 ಪೌಂಡ್. ಆದರೂ ಸಾಲ ತೀರಲಿಲ್ಲ. ಕೊನೆಗೆ ಪ್ರಷ್ಯನ್ ಗೊಂಬೆಗಳಲ್ಲಿ ಬಹುಪಾಲನ್ನು ತಾನೇ ತೆಗೆದುಬಿಟ್ಟ. ಸಾಲಗಾರನ ಕೈಯಿಂದಲೇ ಇತಿಹಾಸ ತಿದ್ದಿಸಿದರು ಅಂತೀನಿ ನಾನು.

ಆ ಮಾದರಿ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ತೆಗೆದ ಪ್ರಷ್ಯನ್ನರು ವಾಪಸ್ ಬಂದಿಲ್ಲ. ಅಧಿಕಾರಿಗಳ ಕಾಗದಗಳು ಮಾತ್ರ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ.